ದೇವರು ಕೊಟ್ಟರೂ ಡ್ರೈವರ್ ಕೊಡಲ್ಲ

ಸಿನಿಮಾಕ್ಕೆ ವಿಮರ್ಶೆ ಬರೀತಾರೆ, ಕಾದಂಬರಿಗೆ ಬರೀತಾರೆ, ಇಂದಿರಾನಗರದಲ್ಲಿ ಹೊಸದಾಗಿ ಬಾಗಿಲು ತೆರೆದ ಹೋಟೆಲಿನ ದೋಸೆಗೂ ಎರಡು ಪುಟ ಬರೀತಾರೆ. ದಿನಾ ಬೆಳಗಾದರೆ ಮುಟ್ಟುವ ಸಾಫ್ಟ್‌ವೇರಿಗೆ ಮಾತ್ರ ವಿಮರ್ಶೆ ಬರೆಯೋ ಅಭ್ಯಾಸ ನಮಗಿಲ್ಲ. ಐದಕ್ಕೆ ಎಷ್ಟು ಸ್ಟಾರ್ ಅಂತ ಒತ್ತಿ ಮುಂದೆ ಹೋಗ್ತೀವಿ. ಆದ್ದರಿಂದ ಈ ಸಲ ನಾನು ವಿಮರ್ಶೆಗೆ ಎತ್ತಿಕೊಂಡಿರೋದು ಯಾರೂ ಎತ್ತಿಕೊಳ್ಳದ ಕೃತಿಯೊಂದನ್ನು. ಒಂದೇ ಪ್ರಿಂಟರು, ಮೂರು ನಮೂನೆಯ ಕಂಪ್ಯೂಟರು. ಒಂದರಲ್ಲಿ ವಿಂಡೋಸ್, ಒಂದರಲ್ಲಿ ಲಿನಕ್ಸ್, ಇನ್ನೊಂದು ಮ್ಯಾಕ್. ಮೂರರಿಂದಲೂ ಅದೇ ಪ್ರಿಂಟರಿಗೆ ಕಾಗದ ಕಳಿಸೋ ವ್ಯವಸ್ಥೆ. ನಗಬೇಡಿ. ಮೂವತ್ತು ವರ್ಷಕ್ಕೂ ಮೀರಿ ಪ್ರಪಂಚದ ಬುದ್ಧಿವಂತರೆಲ್ಲ ಸೇರಿ ಬರೆದ ಕೃತಿ ಇದು. ಈಗಲೂ ಅರ್ಧ ಮುಗಿದಿದೆ.

ಇದನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಮನುಷ್ಯನ ಗುಣ ಅವನ ಮನೆಯೊಳಗೆ ಗೊತ್ತಾಗಲ್ಲ, ನೆಂಟರ ಮನೆಗೆ ಹೋದಾಗ ಗೊತ್ತಾಗುತ್ತೆ. ಸಾಫ್ಟ್‌ವೇರೂ ಹಾಗೇ. ತನ್ನ ಹಟ್ಟಿಯೊಳಗೆ ಎಲ್ಲವೂ ಸಾಧು. ಪಕ್ಕದ ಹಟ್ಟಿಯವನ ಹತ್ತಿರ ಒಂದು ಪುಟ ಅಚ್ಚು ಹಾಕಿಸಿಕೊಂಡು ಬಾ ಅಂತ ಕಳಿಸಿದಾಗ ಅದರ ಸಂಸ್ಕಾರ ಬಯಲಾಗುತ್ತೆ.

ಬೆಂಗಳೂರಿನ ಈ ಪೂರ್ವ ಭಾಗದಲ್ಲಿ ಕೂತು ಇದನ್ನು ಬರೆಯೋದಕ್ಕೂ ಕಾರಣ ಇದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಕಂಟೋನ್ಮೆಂಟಿನ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಕಚೇರಿ ತೆರೆಯಿತು. ಅದರ ಡಿಶ್ ಆಂಟೆನಾ ಎತ್ತಿನ ಗಾಡಿಯ ಮೇಲೆ ಬಂದ ಕತೆಯನ್ನು ನಮ್ಮ ಐಟಿ ಇತಿಹಾಸ ಹೇಳುವವರೆಲ್ಲ ಹೇಳ್ತಾರೆ. ಎತ್ತಿನ ಗಾಡಿಯಲ್ಲಿ ಬಂದ ಡಿಶ್ಶು ಉಪಗ್ರಹದ ಮೂಲಕ ಅಮೆರಿಕದ ಜೊತೆ ಮಾತಾಡಿತು. ಅಲ್ಲಿಂದ ನಡೆದೇ ಹೋಗಬಹುದಾದ ಶಿವಾಜಿನಗರದ ಜೆರಾಕ್ಸ್ ಅಂಗಡಿಯಲ್ಲಿ ಇವತ್ತಿಗೂ ಒಂದು ಲ್ಯಾಪ್‌ಟಾಪು ಮೂರು ಅಡಿ ಆಚೆಗಿರೋ ಪ್ರಿಂಟರಿನ ಜೊತೆ ಮಾತಾಡಲ್ಲ. ದೂರದವರ ಜೊತೆ ಮಾತಾಡೋದು ಸುಲಭ, ಪಕ್ಕದ ಮನೆಯವರ ಜೊತೆ ಕಷ್ಟ ಅನ್ನೋದು ಹಳ್ಳಿಯಲ್ಲಿ ಬೆಳೆದವರಿಗೆ ಹೊಸ ವಿಷಯ ಏನಲ್ಲ.

ಮೂರು ಪ್ರಶ್ನೆ

ಒಂದು ಕಂಪ್ಯೂಟರು ಇನ್ನೊಂದರ ಪ್ರಿಂಟರಿಗೆ ಪುಟ ಕಳಿಸಬೇಕಾದರೆ ಮೂರು ಪ್ರಶ್ನೆಗೆ ಉತ್ತರ ಗೊತ್ತಿರಬೇಕು. ಮನೆ ಎಲ್ಲಿ? ಬಾಗಿಲಲ್ಲಿ ನಿಂತು ಏನಂತ ಕೂಗಬೇಕು? ಒಳಗಿರುವವರಿಗೆ ಯಾವ ಭಾಷೆ ಬರುತ್ತೆ?

ಮೊದಲನೆಯದು ಐಪಿ ವಿಳಾಸ. ಎರಡನೆಯದು ಪ್ರೋಟೋಕಾಲ್. ಯೂನಿಕ್ಸಿನ ಹಳೇ ಪದ್ಧತಿ ಎಲ್‌ಪಿಡಿ, ಅದರ ಬಾಗಿಲ ಸಂಖ್ಯೆ 515. ಅದನ್ನು 1990ರಲ್ಲಿ ಕಾಗದದ ಮೇಲೆ ವಿವರವಾಗಿ ಬರೆದಿಟ್ಟರು. ನೇರ ಪ್ರಿಂಟರಿಗೇ ಸುರಿಯುವ ಇನ್ನೊಂದು ದಾರಿ 9100. ವಿಂಡೋಸಿನ ಎಸ್‌ಎಂಬಿ 445ರಲ್ಲಿ ಕೂತಿರುತ್ತೆ. ಎಲ್ಲರೂ ಒಪ್ಪಿಕೊಳ್ಳಲಿ ಅಂತ ಆಮೇಲೆ ಮಾಡಿದ ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೋಕಾಲ್, ಅಂದರೆ ಐಪಿಪಿ, 631ರಲ್ಲಿ. ಮೂರನೆಯದು ಪ್ರಿಂಟರಿನ ಸ್ವಂತ ಭಾಷೆ. ಅಡೋಬಿಯವರು 1984ರಲ್ಲಿ ತಂದ ಪೋಸ್ಟ್‌ಸ್ಕ್ರಿಪ್ಟ್ ಇರಬಹುದು, ಎಚ್‌ಪಿಯ ಪಿಸಿಎಲ್ ಇರಬಹುದು, ಇಲ್ಲವೇ ತಯಾರಿಸಿದವನಿಗೆ ಮಾತ್ರ ಗೊತ್ತಿರೋ ಗುಪ್ತ ಭಾಷೆ ಇರಬಹುದು.

"ಲಿನಕ್ಸಿನಿಂದ ವಿಂಡೋಸ್ ಪ್ರಿಂಟರಿಗೆ ಪ್ರಿಂಟ್ ಕೊಡೋದು ಹೇಗೆ" ಅಂತ ಹೇಳಿಕೊಡುವವರು ಸಾಮಾನ್ಯವಾಗಿ ಮೊದಲೆರಡು ಪ್ರಶ್ನೆಗೆ ಉತ್ತರ ಹೇಳಿ ಕೈ ತೊಳೆದುಕೊಳ್ತಾರೆ. ವಿಳಾಸ ಹಾಕಿ, ಪಾಸ್‌ವರ್ಡ್ ಹಾಕಿ, ಟೆಸ್ಟ್ ಪೇಜ್ ಒತ್ತಿ, ಮುಗೀತು. ಪ್ರಿಂಟರು ಗರ್ ಅನ್ನುತ್ತೆ, ಖಾಲಿ ಹಾಳೆ ಉಗುಳುತ್ತೆ, ಇಲ್ಲಾ ನಲವತ್ತು ಪುಟ ಕಸ ಕಕ್ಕುತ್ತೆ. ಎಲ್ಲ ಎಡವೋದೂ ಮೂರನೇ ಪ್ರಶ್ನೆಯ ಹತ್ತಿರವೇ.

ಬುತ್ತಿ ತರಿಸುವ ಮನೆ, ಅಡುಗೆ ಮಾಡಿ ಹಾಕುವ ಮನೆ

ವಿಂಡೋಸಿನ ಪ್ರಿಂಟರ್ ಹಂಚಿಕೆ ನಮಗೆಲ್ಲ ಪರಿಚಯವಾಗಿದ್ದು 1992ರ ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್ ಕಾಲದಿಂದ. ಅದರ ದೊಡ್ಡ ಗುಣ ಸರಳತೆ. ಬಲಗಡೆ ಕ್ಲಿಕ್, ಶೇರ್, ಒಂದು ಹೆಸರು ಕೊಡು, ಆಯ್ತು. ಕಂಪ್ಯೂಟರ್ ಸೈನ್ಸ್ ಓದದ ಲಕ್ಷಾಂತರ ಅಂಗಡಿಯವರು ಇದೊಂದರ ಮೇಲೇ ಜೀವನ ಮಾಡಿದ್ದಾರೆ. ಅದನ್ನು ಗೇಲಿ ಮಾಡೋ ಇಂಜಿನಿಯರುಗಳನ್ನು ಕಂಡರೆ ನನಗಾಗಲ್ಲ.

ಆದರೆ ಅದರ ಹಿಂದೆ ಒಂದು ನಂಬಿಕೆ ಇದೆ: ಪ್ರಪಂಚದಲ್ಲಿ ಇರೋದೆಲ್ಲ ವಿಂಡೋಸೇ. ಇನ್ನೊಂದು ವಿಂಡೋಸ್ ಬಂದು ಕೇಳಿದರೆ ಡ್ರೈವರನ್ನೂ ತಾನೇ ಕೊಟ್ಟು ಕಳಿಸುತ್ತೆ. ಬೇರೆಯವರು ಬಂದರೆ ಬಾಗಿಲೇನೋ ತೆಗೆಯುತ್ತೆ, ಪ್ರಿಂಟರಿನ ಭಾಷೆ ಮಾತ್ರ ನೀನೇ ಕಲಿತು ಬಾ ಅನ್ನುತ್ತೆ. ಬಂದದ್ದನ್ನು ಹಾಗ್ಹಾಗೇ ಪ್ರಿಂಟರಿಗೆ ದಾಟಿಸುತ್ತೆ. ಬುತ್ತಿ ಕಟ್ಟಿಕೊಂಡು ಬನ್ನಿ, ಎಲೆ ಹಾಕಿ ಕೊಡ್ತೀವಿ ಅನ್ನೋ ಮನೆ ಇದು. ಲಿನಕ್ಸಿನಲ್ಲಿ ಆ ಪ್ರಿಂಟರಿಗೆ ಡ್ರೈವರ್ ಇಲ್ಲದಿದ್ದರೆ ಎಲೆ ಮುಂದೆ ಕೂತು ಎದ್ದು ಬರಬೇಕು, ಅಷ್ಟೇ.

ಆ ಬಾಗಿಲು ತೆರೆಸಿದ್ದೂ ಹೊರಗಿನವರೇ ಅನ್ನೋದನ್ನು ಮರೆಯಬಾರದು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಓದುತ್ತಿದ್ದ ಆಂಡ್ರ್ಯೂ ಟ್ರಿಜೆಲ್ ಅನ್ನೋ ಹುಡುಗ ತಂತಿಯಲ್ಲಿ ಹರಿಯೋ ಮಾತನ್ನೇ ಕದ್ದು ಕೇಳಿ, ಇದು ಹೀಗೆ ಮಾತಾಡುತ್ತೆ ಅಂತ ಊಹಿಸಿ, 1992ರಲ್ಲಿ ಬಿಟ್ಟ ಪ್ರೋಗ್ರಾಮೇ ಮುಂದೆ ಸಾಂಬಾ ಆಯಿತು. ಎಸ್, ಎಂ, ಬಿ ಮೂರೂ ಅಕ್ಷರ ಇರೋ ಪದ ಯಾವುದಿದೆ ಅಂತ ನಿಘಂಟಿನಲ್ಲಿ ಹುಡುಕಿ ಇಟ್ಟ ಹೆಸರದು. ಕದ್ದು ಕೇಳಿ ಕಲಿತ ಏಕಲವ್ಯ ವಿದ್ಯೆ, ಹೆಬ್ಬೆರಳು ಮಾತ್ರ ಉಳಿದುಕೊಂಡಿದೆ.

ಇನ್ನೊಂದು ಮನೆ ಕಪ್ಸ್. ಮೈಕಲ್ ಸ್ವೀಟ್ ಅನ್ನುವವರು ಬರೆದದ್ದು, 1999ರಲ್ಲಿ ಹೊರಬಂತು. 2002ರಲ್ಲಿ ಆಪಲ್ ಅದನ್ನು ಮ್ಯಾಕಿನ ಒಳಗೇ ತಂದಿಟ್ಟಿತು, 2007ರಲ್ಲಿ ಸೋರ್ಸ್ ಕೋಡನ್ನೇ ಕೊಂಡಿತು. ಹಾಗಾಗಿ ಮ್ಯಾಕೂ ಲಿನಕ್ಸೂ ಪ್ರಿಂಟಿಂಗ್ ವಿಷಯದಲ್ಲಿ ದಾಯಾದಿಗಳು. ಕಪ್ಸಿನ ದೊಡ್ಡತನ ಅದರ ಫಿಲ್ಟರುಗಳಲ್ಲಿದೆ. ನೀವು ಪಿಡಿಎಫ್ ಕೊಡಿ, ಪೋಸ್ಟ್‌ಸ್ಕ್ರಿಪ್ಟ್ ಕೊಡಿ, ಫೋಟೋ ಕೊಡಿ, ಪ್ರಿಂಟರಿಗೆ ಏನು ಅರ್ಥವಾಗುತ್ತೋ ಅದಕ್ಕೆ ತಿರುಗಿಸಿಕೊಡೋದು ತನ್ನ ಕೆಲಸ ಅಂತ ಅದು ಒಪ್ಪಿಕೊಂಡಿದೆ. ಅಕ್ಕಿ ತಂದರೂ ಸರಿ, ರಾಗಿ ತಂದರೂ ಸರಿ, ಅಡುಗೆ ಮಾಡಿ ಬಡಿಸೋ ಮನೆ.

ಇಲ್ಲೇ ಮಿಶ್ರ ಮನೆತನದ ಆಫೀಸುಗಳಿಗೆ ಒಂದು ಉಪಾಯ ಇದೆ. ಪ್ರಿಂಟರನ್ನು ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿ, ಕಪ್ಸಿನಲ್ಲಿ ಹಂಚಿ. ವಿಂಡೋಸಿನಲ್ಲಿ ಆ ಪ್ರಿಂಟರನ್ನು ಹುಡುಕೋಕೆ ಹೋಗಬೇಡಿ. ಲಿನಕ್ಸ್ ಯಂತ್ರದ ಐಪಿ, ಆಮೇಲೆ 631, ಆಮೇಲೆ ಪ್ರಿಂಟರಿನ ಹೆಸರು ಇರೋ ವೆಬ್ ವಿಳಾಸವನ್ನೇ ಕೈಯಾರೆ ಕೊಡಿ. ಡ್ರೈವರ್ ಯಾವುದು ಅಂತ ಕೇಳಿದಾಗ ಆ ಪ್ರಿಂಟರಿನದ್ದನ್ನು ಕೊಡದೆ ಸಾಮಾನ್ಯ ಪೋಸ್ಟ್‌ಸ್ಕ್ರಿಪ್ಟ್ ಡ್ರೈವರ್ ಕೊಡಿ. ವಿಂಡೋಸು ಎಲ್ಲರಿಗೂ ಅರ್ಥವಾಗೋ ಭಾಷೆಯಲ್ಲಿ ಬರೆದು ಕಳಿಸುತ್ತೆ, ಪ್ರಿಂಟರಿನ ಮನೆಭಾಷೆಗೆ ಕಪ್ಸು ಅನುವಾದ ಮಾಡುತ್ತೆ. ನಾನು ನೋಡಿದ ಹಲವು ಕಡೆ ಎರಡೆರಡು ದಿನದ ಜಗಳ ಇದರಿಂದ ಹತ್ತು ನಿಮಿಷಕ್ಕೆ ಮುಗಿದಿದೆ.

ಹಾಗಾದರೆ ಕಪ್ಸಿಗೆ ಫುಲ್ ಮಾರ್ಕ್ಸಾ? ಇಲ್ಲ. ಅಡುಗೆ ಚೆನ್ನಾಗಿದೆ, ಬಡಿಸೋ ಕೈ ಒರಟು. ಅದರ ಸೆಟ್ಟಿಂಗ್ ಪುಟ ತೆರೆದರೆ ಕ್ಯೂ, ಬ್ಯಾಕೆಂಡ್, ಡಿವೈಸ್ ಯುಆರ್‌ಐ ಅಂತ ಸ್ವಾಗತ. ಇಂಜಿನಿಯರಿಗೆ ಇಂಜಿನಿಯರು ಬರೆದ ಪತ್ರ ಅದು. ಶಿವಾಜಿನಗರದ ಅಂಗಡಿಯವರು ವಿಂಡೋಸನ್ನು ಬಿಡದಿರೋಕೆ ಸೋಮಾರಿತನ ಕಾರಣ ಅಲ್ಲ. ವಿಂಡೋಸ್ ಕೆಟ್ಟರೆ ಸರಿಮಾಡೋ ಹುಡುಗ ಬೀದಿಯಲ್ಲೇ ಸಿಗ್ತಾನೆ, ಕಪ್ಸ್ ಕೆಟ್ಟರೆ ಸಿಗಲ್ಲ. ಒಂದು ವ್ಯವಸ್ಥೆಯನ್ನು ಅಳೆಯುವಾಗ ಅದು ಕೆಟ್ಟಾಗ ಯಾರು ಬರ್ತಾರೆ ಅನ್ನೋದನ್ನೂ ಲೆಕ್ಕಕ್ಕೆ ಹಿಡೀಬೇಕು.

ಪೂಜಾರಿಯ ಕತೆ

ಈಗ ಡ್ರೈವರಿಗೆ ಬರೋಣ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಲ್ಲ ಅನ್ನೋ ಗಾದೆ ಬರೆದವರು ಪ್ರಿಂಟರ್ ನೋಡಿರಲಿಕ್ಕಿಲ್ಲ. ಆದರೂ ಇಷ್ಟು ಸರಿಯಾಗಿ ಇದನ್ನು ಇನ್ಯಾರೂ ಹೇಳಿಲ್ಲ.

ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ, ಸಣ್ಣ ಆಫೀಸುಗಳಲ್ಲಿ ವರ್ಷಗಟ್ಟಲೆ ದುಡಿದ ಎರಡು ಪ್ರಿಂಟರ್ ನೆನಪಿಸಿಕೊಳ್ಳಿ. ಎಚ್‌ಪಿ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900. ಗಟ್ಟಿ ಜೀವಗಳು. ಬೆಲೆ ಕಡಿಮೆ, ಟೋನರ್ ತುಂಬಿಸಿಕೊಳ್ಳೋದು ಸುಲಭ. ಆದರೆ ಎರಡಕ್ಕೂ ಪೋಸ್ಟ್‌ಸ್ಕ್ರಿಪ್ಟ್ ಬರಲ್ಲ, ಪಿಸಿಎಲ್ ಬರಲ್ಲ. ಪುಟವನ್ನು ಚುಕ್ಕೆಚುಕ್ಕೆಯಾಗಿ ಬಿಡಿಸೋ ಕೆಲಸವನ್ನೆಲ್ಲ ಕಂಪ್ಯೂಟರೇ ಮಾಡಿ, ತಯಾರಕರ ಖಾಸಗಿ ಭಾಷೆಯಲ್ಲಿ ಕಟ್ಟಿ ಕಳಿಸಬೇಕು. 1020ಕ್ಕಂತೂ ಸ್ವಿಚ್ ಆರಿಸಿದರೆ ತಾನು ಪ್ರಿಂಟರು ಅನ್ನೋದೇ ಮರೆತುಹೋಗುತ್ತೆ. ಪ್ರತಿ ಸಲ ಕಂಪ್ಯೂಟರು ಅದಕ್ಕೆ ಫರ್ಮ್‌ವೇರ್ ತುಂಬಿ ಎಬ್ಬಿಸಬೇಕು. ಮಿದುಳು ತೆಗೆದು ಬೆಲೆ ಇಳಿಸಿದ್ದು ತಪ್ಪು ಅಂತ ನಾನು ಹೇಳಲ್ಲ. ಆ ಬೆಲೆಯಿಂದಲೇ ಎಷ್ಟೋ ಹುಡುಗರು ಅಂಗಡಿ ಇಟ್ಟರು. ತಪ್ಪು ಇರೋದು ಭಾಷೆಯನ್ನು ಗುಟ್ಟಾಗಿಟ್ಟದ್ದರಲ್ಲಿ. ಲಿನಕ್ಸಿನಲ್ಲಿ ಇಂಥ ಎಷ್ಟೋ ಪ್ರಿಂಟರುಗಳು ನಡೆಯೋ ಹಾಗಾಗಿದ್ದು ಹೊರಗಿನ ಸ್ವಯಂಸೇವಕರು ಚುಕ್ಕೆಗಳ ಗುಟ್ಟನ್ನು ಬಿಚ್ಚಿ ಡ್ರೈವರ್ ಬರೆದದ್ದರಿಂದ.

ಇದೇನೂ ಚಿಲ್ಲರೆ ಜಗಳ ಅಲ್ಲ. ಮುಕ್ತ ತಂತ್ರಾಂಶ ಚಳವಳಿಯ ಹುಟ್ಟೇ ಪ್ರಿಂಟರಿನ ಪಕ್ಕದಲ್ಲಾಗಿದೆ. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿಯ ಪ್ರಯೋಗಶಾಲೆಗೆ ಜೆರಾಕ್ಸ್ ಕಂಪನಿ ಒಂದು ಲೇಸರ್ ಪ್ರಿಂಟರ್ ಕೊಟ್ಟಿತು. ಹಳೇ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿರೋ ಎಲ್ಲರಿಗೂ ಸುದ್ದಿ ಹೋಗೋ ಹಾಗೆ ರಿಚರ್ಡ್ ಸ್ಟಾಲ್‌ಮನ್ ಪ್ರೋಗ್ರಾಮ್ ತಿದ್ದಿಕೊಂಡಿದ್ದ. ಹೊಸದಕ್ಕೂ ಹಾಗೇ ಮಾಡೋಣ ಅಂದರೆ ಸೋರ್ಸ್ ಕೋಡ್ ಇಲ್ಲ. ಅದು ಇದ್ದ ಇನ್ನೊಂದು ವಿಶ್ವವಿದ್ಯಾಲಯದವರನ್ನು ಹೋಗಿ ಕೇಳಿದರೆ, ಯಾರಿಗೂ ಕೊಡಲ್ಲ ಅಂತ ಕರಾರು ಬರೆದುಕೊಟ್ಟಿದೀನಿ ಅಂದರು. ಆ ಸಿಟ್ಟು ಒಳಗೇ ಉಳಿದು, 1983ರಲ್ಲಿ ಗ್ನೂ ಯೋಜನೆ ಘೋಷಣೆಯಾಯಿತು. ಪೂಜಾರಿ ವರ ಕೊಡದಿದ್ದಕ್ಕೆ ಹೊಸ ದೇವಸ್ಥಾನವನ್ನೇ ಕಟ್ಟಿದ ಕತೆ ಅದು.

ಪೂಜಾರಿಯನ್ನು ಅತಿಯಾಗಿ ನಂಬಿದರೆ ಏನಾಗುತ್ತೆ ಅನ್ನೋದು 2021ರಲ್ಲಿ ಗೊತ್ತಾಯಿತು. ವಿಂಡೋಸಿನ ಪ್ರಿಂಟ್ ಸ್ಪೂಲರ್ ಒಳಗೆ ದೊಡ್ಡ ತೂತು ಸಿಕ್ಕಿತು. ಪ್ರಿಂಟ್‌ನೈಟ್‌ಮೇರ್ ಅಂತ ಹೆಸರಿಟ್ಟರು. ಡ್ರೈವರ್ ಹೆಸರಿನಲ್ಲಿ ಏನನ್ನು ಬೇಕಾದರೂ ಒಳಗೆ ಬಿಡಬಹುದಿತ್ತು. ಜುಲೈನಿಂದ ಶುರುವಾದ ತೇಪೆಗಳು ಒಂದರ ಮೇಲೊಂದು ಬಂದವು. ಸೆಪ್ಟೆಂಬರಿನ ಅಪ್‌ಡೇಟ್ ಬಂದ ಮೇಲೆ, ವರ್ಷಗಳಿಂದ ಹಂಚಿಕೊಂಡು ಬಳಸ್ತಿದ್ದ ಎಷ್ಟೋ ಪ್ರಿಂಟರುಗಳು ಕೊನೆಯಲ್ಲಿ 11ಬಿ ಅಂತಿದ್ದ ಒಂದು ಎರರ್ ತೋರಿಸಿ ಮೌನವಾದವು. ಕೈಯಿಂದ ಕೈಗೆ ಹರಡಿದ ಪರಿಹಾರ ಏನು ಗೊತ್ತಾ? ರಿಜಿಸ್ಟ್ರಿಯಲ್ಲಿ ಒಂದು ಸಾಲು ಸೇರಿಸಿ ಆ ಭದ್ರತೆಯನ್ನೇ ಆರಿಸೋದು. ಪುಟಕ್ಕೆ ಎರಡು, ಮೂರು ರೂಪಾಯಿ ದುಡಿಯೋ ಅಂಗಡಿಯವನ ಮುಂದೆ ಎರಡೇ ದಾರಿ. ಬೀಗ ಹಾಕಿ ವ್ಯಾಪಾರ ನಿಲ್ಲಿಸು, ಇಲ್ಲಾ ಬೀಗ ತೆಗೆದು ವ್ಯಾಪಾರ ಮಾಡು. ಯಾರೂ ಮೊದಲನೆಯದನ್ನು ಆರಿಸಲ್ಲ. ಕಪ್ಸ್ ಅಭಿಮಾನಿಗಳು ಮೀಸೆ ತಿರುವೋದು ಬೇಡ. 2024ರ ಸೆಪ್ಟೆಂಬರಿನಲ್ಲಿ ಕಪ್ಸ್ ಬಳಗದಲ್ಲೂ ಅಂಥದ್ದೇ ತೂತು ಸಿಕ್ಕಿತು. ಅಪರಿಚಿತನೊಬ್ಬ ಬಂದು ನಾನೂ ಪ್ರಿಂಟರು ಅಂದರೆ ಅದು ನಂಬಿಬಿಡುತ್ತಿತ್ತು.

ಶಿವಾಜಿನಗರದ ನಾಲ್ಕು ಲಿಪಿ

ಇಷ್ಟು ಹೊತ್ತು ಹೇಳಿದ್ದು ಯಾವ ದೇಶದ ಕತೆಯೂ ಆಗಬಹುದು. ನಮ್ಮ ಊರಿನ ತೊಡಕು ಇದರ ಮೇಲೆ ಇನ್ನೊಂದು ಪದರ.

ಶಿವಾಜಿನಗರ, ಹಲಸೂರಿನ ಡಿಟಿಪಿ ಅಂಗಡಿಗಳ ಮುಂದೆ ನಿಂತು ಬೋರ್ಡ್ ಓದಿ. ಕನ್ನಡ, ಇಂಗ್ಲಿಷ್, ಉರ್ದು, ತಮಿಳು. ಒಂದೇ ಕೌಂಟರಿನಲ್ಲಿ ನಾಲ್ಕು ಲಿಪಿ. ಬೇರೆ ಊರಲ್ಲಿ ವಿಶ್ವವಿದ್ಯಾಲಯಕ್ಕೆ ಬೇಕಾಗೋ ವಿದ್ಯೆಯನ್ನು ಇಲ್ಲಿ ಹತ್ತು ಅಡಿ ಅಗಲದ ಅಂಗಡಿಯವನು ಇಟ್ಟುಕೊಂಡಿರ್ತಾನೆ. ಆದರೆ ಇಂಥ ಕಡೆ ಉರ್ದುವಿಗೆ ಒಂದು ಕಂಪ್ಯೂಟರು, ಕನ್ನಡಕ್ಕೆ ಇನ್ನೊಂದು ಅಂತ ಮೀಸಲಾಗಿರೋದನ್ನೂ ಕಾಣಬಹುದು. ಉರ್ದುವಿನ ಕೆಲಸ ಇನ್‌ಪೇಜಿನಲ್ಲಿ. 1994ರಲ್ಲಿ ಬಂದ ಆ ಸಾಫ್ಟ್‌ವೇರಿನ ಜೀವಾಳ ನೂರಿ ನಸ್ತಾಲೀಕ್ ಅಕ್ಷರ. ಮಿರ್ಜಾ ಅಹ್ಮದ್ ಜಮೀಲ್ ಅನ್ನೋ ಕಲಾವಿದ ಸಾವಿರಾರು ಕೂಡಕ್ಷರಗಳನ್ನು ಕೈಯಲ್ಲಿ ಬರೆದು 1981ರಲ್ಲಿ ಕಂಪ್ಯೂಟರಿಗೆ ತಂದದ್ದು. ಅದ್ಭುತ ಕೆಲಸ. ಆದರೆ ಹಳೇ ಇನ್‌ಪೇಜ್ ಫೈಲು ಇನ್‌ಪೇಜಿನ ಆಚೆ ಬದುಕಲ್ಲ. ತಮಿಳಿಗೆ ಟ್ಯಾಮ್, ಟ್ಯಾಬ್, ಟಿಸ್ಕಿ ಅಂತ ಒಂದೊಂದು ಪಂಗಡಕ್ಕೆ ಒಂದೊಂದು ಕೋಡ್ ಇತ್ತು. ಕನ್ನಡದ ಕತೆ ಇವರಿಗಿಂತ ಮೇಲೇನೂ ಅಲ್ಲ.

ನುಡಿ, ಬರಹ, ಶ್ರೀಲಿಪಿ ಇವೆಲ್ಲ ಹಳೇ ದಿನಗಳಲ್ಲಿ ಮಾಡಿದ ಉಪಾಯ ಒಂದೇ. ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸೋದು. ನುಡಿ ಫಾಂಟಿನಲ್ಲಿ "ಕನ್ನಡ" ಅಂತ ಟೈಪ್ ಮಾಡಿದರೆ ಫೈಲಿನೊಳಗೆ ಕೂತಿರೋದು ಏನು ಅಂತ ಹೇಳ್ತೀನಿ ಕೇಳಿ. ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟು ಎಳೆದ ಎ, ಪೌಂಡ್ ಗುರುತು, ಮತ್ತೆ ಅದೇ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಮತ್ತೆ ಆ ಎ. ಏಳು ಪರದೇಶಿಗಳು ಕನ್ನಡದ ವೇಷ ಹಾಕಿ ನಿಂತಿರ್ತಾರೆ. ಫಾಂಟ್ ಇರೋ ತನಕ ನಾಟಕ ನಡೆಯುತ್ತೆ. ಫಾಂಟ್ ಇಲ್ಲದ ಯಂತ್ರಕ್ಕೆ ಹೋದ ತಕ್ಷಣ ಬಣ್ಣ ಕಳಚಿ ಬೀಳುತ್ತೆ.

ಅಂದಿನವರನ್ನು ಬೈಯೋದು ಸುಲಭ, ನಾನು ಬೈಯಲ್ಲ. ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲೇ ಬಂತು, ಕನ್ನಡವೂ ಅದರಲ್ಲಿತ್ತು. ಆದರೆ ಒತ್ತು, ದೀರ್ಘ, ಅರ್ಕಾವತ್ತುಗಳನ್ನು ಸರಿಯಾಗಿ ಜೋಡಿಸಿ ತೋರಿಸೋ ಯೋಗ್ಯತೆ ಮನೆಮನೆಯ ವಿಂಡೋಸಿಗೆ ಬಂದದ್ದು 2001ರ ಎಕ್ಸ್‌ಪಿ ಹೊತ್ತಿಗೆ, ತುಂಗಾ ಫಾಂಟಿನ ಜೊತೆ. ಅದೂ ಸಿಡಿ ಹಾಕಿ ಬೇರೆಯಾಗಿ ಇನ್‌ಸ್ಟಾಲ್ ಮಾಡಿದರೆ. ಬರಹ 1998ರಲ್ಲೇ ಜನರ ಕೈಗೆ ಸಿಕ್ಕಿತ್ತು. ಆ ಉಪಾಯಗಳು ಇಲ್ಲದಿದ್ದರೆ ಕನ್ನಡದ ಒಂದು ತಲೆಮಾರು ಕಂಪ್ಯೂಟರನ್ನೇ ಮುಟ್ಟುತ್ತಿರಲಿಲ್ಲ. ನನ್ನ ತಕರಾರು ಇರೋದು ಆಮೇಲಿನ ಕಾಲದ ಬಗ್ಗೆ. ಕೇಂದ್ರ ಸರ್ಕಾರ 2009ರ ನವೆಂಬರಿನಲ್ಲೇ ಇ-ಆಡಳಿತಕ್ಕೆ ಯೂನಿಕೋಡೇ ಶಿಷ್ಟತೆ ಅಂತ ಪ್ರಕಟಿಸಿತು. ನುಡಿ, ಬರಹ ಎರಡೂ ಯೂನಿಕೋಡಿನಲ್ಲಿ ಬರೆಯೋ ಸೌಲಭ್ಯ ಕೊಟ್ಟವು. ದಾರಿ ಆಯಿತು, ಬಸ್ಸೂ ಬಂತು. ಹತ್ತೋರು ಮಾತ್ರ ಹಳೇ ಸ್ಟಾಪಿನಲ್ಲೇ ನಿಂತಿದ್ದಾರೆ.

ಮಾವನ ಅರ್ಜಿ

ಇದು ಬರೀ ಇಂಜಿನಿಯರನ ತಲೆಹರಟೆ ಅನ್ನಿಸಬಹುದು. ನಮ್ಮ ಸೋದರಮಾವನ ಅರ್ಜಿಯ ವಿಷಯ ಹೇಳ್ತೀನಿ.

ಮಾವ ಕೆ.ಆರ್. ಪುರಂ ಕಡೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ರಿಟೈರಾಗಿ, ಅರಸೀಕೆರೆ ಹತ್ತಿರದ ನಮ್ಮೂರಿಗೆ ವಾಪಸು ಹೋಗಿ ತೆಂಗು ನೋಡಿಕೊಂಡಿದ್ದವರು. ಪೆನ್ಶನ್ ಲೆಕ್ಕದಲ್ಲಿ ಏನೋ ವ್ಯತ್ಯಾಸ. ತಾಲ್ಲೂಕು ಕಚೇರಿ ಮುಂದೆ ಕೂರೋ ಟೈಪಿಸ್ಟ್ ಹತ್ತಿರ ಎರಡು ಪುಟ ಅರ್ಜಿ ಮಾಡಿಸಿ, ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು, ರಾತ್ರಿ ರೈಲಿಗೆ ಬಂದರು. ಬೆಳಗ್ಗೆ ಇಬ್ಬರೂ ಒಂದು ಸೈಬರ್ ಅಂಗಡಿಗೆ ಹೋದೆವು. ಕೌಂಟರಿನ ಹುಡುಗ ಫೈಲ್ ತೆಗೆದ, ಒತ್ತಿದ, ಹಾಳೆ ಬಂತು. ಹಾಳೆಯ ತುಂಬಾ ಗೀಟಿನ ಎ, ಪೌಂಡು, ಕ್ಯೂ.

"ಇದು ಯಾವ ಭಾಷೆ ಸಾರ್?" ಅಂದ ಹುಡುಗ.

ಮಾವ ಕನ್ನಡಕ ಏರಿಸಿ ನೋಡಿ, "ನಾನು ಹೇಳಿ ಬರೆಸಿದ್ದು ಕನ್ನಡದಲ್ಲೇ ಕಣಪ್ಪ" ಅಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ತಾವೇ ಏನೋ ತಪ್ಪು ಮಾಡಿದ ಹಾಗಿತ್ತು.

ಆ ಅಂಗಡಿಯಲ್ಲಿ ಹಳೇ ಫಾಂಟುಗಳಿದ್ದ ಕಂಪ್ಯೂಟರ್ ಒಳಗಡೆ ಇನ್ನೊಂದಿತ್ತು. ಅದಕ್ಕೂ ಪ್ರಿಂಟರಿಗೂ ಕೆಲವು ವಾರದಿಂದ ಮಾತಿಲ್ಲವಂತೆ. ಕನ್ನಡ ಬರೋ ಕಂಪ್ಯೂಟರಿಗೆ ಪ್ರಿಂಟರ್ ಇಲ್ಲ, ಪ್ರಿಂಟರ್ ಇರೋ ಕಂಪ್ಯೂಟರಿಗೆ ಕನ್ನಡ ಬರಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ನಾನು ಒಳಗಿನ ಯಂತ್ರದಲ್ಲಿ ಫೈಲ್ ತೆಗೆದು ಪಿಡಿಎಫ್ ಮಾಡಿ, ಪೆನ್‌ಡ್ರೈವಿನಲ್ಲಿ ತಂದು ಕೌಂಟರಿನಲ್ಲಿ ಕೊಟ್ಟೆ. ಅಚ್ಚುಕಟ್ಟಾಗಿ ಬಂತು. "ಅಳಿಯಂದಿರು ಓದಿದ್ದು ಸಾರ್ಥಕ ಆಯ್ತು ಬಿಡಿ" ಅಂತ ಮಾವ ನಕ್ಕರು. ಅರ್ಜಿ ಕೊಟ್ಟು ಬಂದೆವು. ಎರಡು ವಾರ ಬಿಟ್ಟು ಆ ಕಚೇರಿಯಿಂದ ಫೋನು. ಅರ್ಜಿಯ ಸಾಫ್ಟ್ ಕಾಪಿ ಬೇಕು, ಪಿಡಿಎಫ್ ಆಗಲ್ಲ, ಯೂನಿಕೋಡೂ ಬೇಡ, ನಾವು ಬಳಸೋ ಫಾಂಟಿನಲ್ಲೇ ಕಳಿಸಿ ಅಂತ. ಮಾವ ಮತ್ತೆ ಆ ಟೈಪಿಸ್ಟನ್ನು ಹುಡುಕಿಕೊಂಡು ಹೋದರು. ಕೆಲಸವೇನೋ ಕೊನೆಗೆ ಆಯಿತು. ಆದರೆ ಇಂಜಿನಿಯರ್ ಅಳಿಯ ಇಲ್ಲದವರ ಪಾಡೇನು ಅನ್ನೋದು ನನ್ನನ್ನು ಬಿಟ್ಟು ಹೋಗಲಿಲ್ಲ.

ಕಲ್ಲು ಮತ್ತು ಮೊಳೆ

ಪಿಡಿಎಫ್ ಆ ದಿನ ಯಾಕೆ ಗೆದ್ದಿತು? ಅದು ಫಾಂಟನ್ನು ತನ್ನ ಹೊಟ್ಟೆಯೊಳಗೇ ಕಟ್ಟಿಕೊಂಡು ಹೋಗುತ್ತೆ. ಕೌಂಟರಿನ ಕಂಪ್ಯೂಟರಿಗೆ ಕನ್ನಡ ಗೊತ್ತಿರಬೇಕಾಗಿಲ್ಲ, ಹೇಳಿದ ಆಕಾರವನ್ನು ಹೇಳಿದ ಜಾಗದಲ್ಲಿ ಇಟ್ಟರೆ ಸಾಕು.

ಕನ್ನಡ ಮುದ್ರಣ ಈ ದಾರಿಯನ್ನು ಹಿಂದೆಯೇ ತುಳಿದಿದೆ. 1843ರ ಜುಲೈನಲ್ಲಿ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಶುರುಮಾಡಿದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಬಂತು. ಮುಂದಿನ ವರ್ಷ ಬಳ್ಳಾರಿಗೆ ಹೋಗಿ, ಹೆಸರು ಬದಲಿಸಿಕೊಂಡು, ಮೊಳೆಯಚ್ಚಿನಲ್ಲಿ ಬಂತು. ಕಲ್ಲಿಗೆ ಅಕ್ಷರ ಗೊತ್ತಿಲ್ಲ. ಅದರ ಮೇಲೆ ಕನ್ನಡ ಬರೆದರೂ ಒಂದೇ, ಕೋಳಿ ಕಾಲು ಕೆದರಿದರೂ ಒಂದೇ. ಮೊಳೆಗೆ ಅಕ್ಷರ ಗೊತ್ತು. ಬಿಡಿಸಬಹುದು, ತಿದ್ದಬಹುದು, ಮತ್ತೆ ಜೋಡಿಸಬಹುದು.

ಪ್ರಿಂಟಿಂಗಿನ ಜಗಳಕ್ಕೆ ಕೊನೆಗೆ ಸಿಕ್ಕ ಪರಿಹಾರ ಕಲ್ಲಿನದ್ದು. 2010ರ ಏರ್‌ಪ್ರಿಂಟ್, 2013ರಲ್ಲಿ ಬಂದ ಮೋಪ್ರಿಯಾ ಮತ್ತು ಐಪಿಪಿ ಎವೆರಿವೇರ್, ಎಲ್ಲದರ ತಿರುಳು ಇದೇ. ಪ್ರಿಂಟರೇ ನೆಟ್‌ವರ್ಕಿನಲ್ಲಿ ನಾನಿಲ್ಲಿದೀನಿ ಅಂತ ಕೂಗಲಿ, ಪುಟ ಪಿಡಿಎಫ್ ಆಗಿಯೋ ಒಪ್ಪಿಕೊಂಡ ನಮೂನೆಯ ಚಿತ್ರವಾಗಿಯೋ ಹೋಗಲಿ, ಪೂಜಾರಿ ಮನೆಗೆ ಹೋಗಲಿ. ಮೈಕ್ರೋಸಾಫ್ಟ್ ಕೂಡ 2023ರಲ್ಲಿ, ಕಂಪನಿಗಳ ಬೇರೆ ಬೇರೆ ಡ್ರೈವರುಗಳಿಗೆ ಹಂತಹಂತವಾಗಿ ವಿದಾಯ ಹೇಳ್ತೀವಿ ಅಂತ ಪ್ರಕಟಿಸಿತು. ಗಮನಿಸಿ, ಯಾರೂ ಯಾರ ಭಾಷೆಯನ್ನೂ ಕಲಿಯಲಿಲ್ಲ. ಎಲ್ಲರೂ ಒಪ್ಪಬಹುದಾದ ಕನಿಷ್ಠ ಒಂದನ್ನು ಹಿಡಿದುಕೊಂಡರು. ಇದು ಸೋಲು ಅನ್ನಿಸಬಹುದು, ನನಗೆ ದೊಡ್ಡತನ ಅನ್ನಿಸುತ್ತೆ. ಒಂದೇ ಕೊರತೆ, ಇದರ ಜೊತೆಗೆ ಬರೋ "ಹೊಸ ಪ್ರಿಂಟರ್ ತಗೊಳ್ಳಿ" ಅನ್ನೋ ಸಲಹೆ. ಹಳೇ ಪ್ರಿಂಟರಿಗೆ ಲಿನಕ್ಸಿನಲ್ಲಿ ಡ್ರೈವರ್ ಇದೆಯಾ ನೋಡಿ. ಇದ್ದರೆ ಮೂಲೆಯಲ್ಲಿ ಬಿದ್ದಿರೋ ಹಳೇ ಕಂಪ್ಯೂಟರಿಗೋ ರಾಸ್ಪ್‌ಬೆರಿ ಪೈಗೋ ಅದನ್ನು ಕಟ್ಟಿ ಕಪ್ಸಿನಲ್ಲಿ ಹಂಚಿದರೆ, ಅಂಗಡಿಯ ಮಿಕ್ಕ ಯಂತ್ರಗಳಿಗೂ ಗಿರಾಕಿಗಳ ಫೋನಿಗೂ ಅದು ಹೊಸ ಪ್ರಿಂಟರಿನ ಹಾಗೇ ಕಾಣಿಸುತ್ತೆ.

ಆದರೆ ಅಚ್ಚಿಗೆ ಕಲ್ಲು 'ಸಾಕು', ಬದುಕಿಗೆ ಸಾಲದು. ಹಳೇ ಫಾಂಟಿನ ಅರ್ಜಿಯನ್ನು ಪಿಡಿಎಫ್ ಮಾಡಿದರೆ ಕಣ್ಣಿಗೆ ಕನ್ನಡ. ಹುಡುಕಿದರೆ ಒಂದು ಪದ ಸಿಗಲ್ಲ, ಕಾಪಿ ಮಾಡಿದರೆ ಮತ್ತೆ ಆ ಏಳು ಪರದೇಶಿಗಳು. ಹತ್ತು ವರ್ಷ ಬಿಟ್ಟು ಮಾವನ ಹೆಸರಿನಲ್ಲಿ ಆ ಕಡತ ಹುಡುಕುವವರಿಗೆ ಮಾವ ಸಿಗಲ್ಲ. ಅರ್ಜಿ ಇದೆ, ಅದರೊಳಗೆ ಅವರಿಲ್ಲ. ಪ್ರಿಂಟರ್ ಕಂಪನಿಗಳು ಭಾಷೆಯನ್ನು ಗುಟ್ಟಾಗಿಟ್ಟದ್ದಕ್ಕೂ, ಯೂನಿಕೋಡ್ ಕೈಯಲ್ಲಿದ್ದೂ ಕಚೇರಿಗಳು ಹಳೇ ಫಾಂಟನ್ನೇ ಕೇಳೋದಕ್ಕೂ ನನಗೆ ವ್ಯತ್ಯಾಸ ಕಾಣಲ್ಲ. ಮೊದಲನೆಯದನ್ನು ದುಡ್ಡಿಗಾಗಿ ಮಾಡಿದರು. ಎರಡನೆಯದನ್ನು ಅಭ್ಯಾಸಬಲದಿಂದ ಮಾಡ್ತಿದ್ದೀವಿ, ಅದಕ್ಕೆ ದುಡ್ಡಿನ ನೆಪವೂ ಇಲ್ಲ.

ಹಾಗಾಗಿ ನನ್ನ ತೀರ್ಪು ಇದು. ವಿಂಡೋಸ್ ಹಂಚಿಕೆಗೆ ಸರಳತೆಯ ಮಾರ್ಕ್ಸ್ ಪೂರ್ತಿ, ಅತಿಥಿ ಸತ್ಕಾರಕ್ಕೆ ಸೊನ್ನೆ. ಕಪ್ಸಿಗೆ ಸತ್ಕಾರಕ್ಕೆ ಪೂರ್ತಿ, ಮಾತುಗಾರಿಕೆಗೆ ಪಾಸ್ ಮಾರ್ಕ್ಸ್. ಡ್ರೈವರ್ ಇಲ್ಲದ ಹೊಸ ಪದ್ಧತಿ ಮೂವರಲ್ಲೂ ಮೇಲು. ಕನ್ನಡದ ಕಚೇರಿಗಳು ಇನ್ನೂ ಪರೀಕ್ಷೆಗೇ ಕೂತಿಲ್ಲ. ಇಂದಿರಾನಗರದ ಗಾಜಿನ ಕಟ್ಟಡಗಳಲ್ಲಿ ಕೂತು ಪ್ರಪಂಚದ ವ್ಯವಸ್ಥೆಗಳನ್ನು ಒಂದಕ್ಕೊಂದು ಜೋಡಿಸೋ ಕೆಲಸಕ್ಕೆ ಸಂಬಳ ಎಣಿಸೋ ನಾವು, ನಮ್ಮ ಬೀದಿಯ ಅಂಗಡಿಯಲ್ಲಿ ಒಂದು ಶನಿವಾರ ಕೂತು ಈ ಜೋಡಣೆ ಮಾಡಿಕೊಟ್ಟರೆ ಏನೂ ಕಳೆದುಕೊಳ್ಳಲ್ಲ. ಕಚೇರಿಯವರು ಹಳೇ ಫಾಂಟಿನ ಫೈಲು ಕೇಳಿದಾಗ, ಯೂನಿಕೋಡಿನಲ್ಲೇ ಕೊಡ್ತೀನಿ, ತಗೊಳ್ಳಿ ಅಂತ ಒಂದು ಸಲ ಗಟ್ಟಿಯಾಗಿ ಹೇಳಿದರೂ ಸಾಕು. ಯಾವುದನ್ನೇ ಸೌಲಭ್ಯ ಅಂತ ಕರೆಯೋಕೆ ಮುಂಚೆ ಒಂದೇ ಪ್ರಶ್ನೆ ಕೇಳಬೇಕು: ಇಂಜಿನಿಯರ್ ಅಳಿಯ ಇಲ್ಲದ ಮನುಷ್ಯ ಇದನ್ನು ತಾನೊಬ್ಬನೇ ಬಳಸಬಲ್ಲನೇ?